ಅಂಗಾತ ಮಲಗಿ ನೋಡಬೇಕಾದ ಕಾರು

ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ಕೊಳ್ಳಲು ಹೋದವರು ಮೊದಲು ನೆಲದ ಮೇಲೆ ಅಂಗಾತ ಮಲಗಬೇಕು. ಬಣ್ಣ, ಹೊಳಪು, ಇಂಜಿನ್ನಿನ ಸದ್ದು ಎಲ್ಲ ಆಮೇಲಿನ ಮಾತು. ಕೈಯಲ್ಲೊಂದು ಟಾರ್ಚು, ಜೇಬಿನಲ್ಲೊಂದು ಮ್ಯಾಗ್ನೆಟ್ಟು, ಬೆನ್ನ ಕೆಳಗೆ ಹಾಸಿಕೊಳ್ಳಲು ಒಂದು ರಟ್ಟು ಇದ್ದರೆ ಸಾಕು. ಮೇಲಿನಿಂದ ನೋಡುತ್ತ ನಿಂತರೆ ಮರುಳಾಗದೆ ಇರುವುದು ಕಷ್ಟ, ಅಷ್ಟು ಚೆಂದದ ಕಾರುಗಳಿವು.

ನಾನು ಹೇಳಹೊರಟಿರುವುದು ಮುಖ್ಯವಾಗಿ ಡಾಟ್ಸನ್ 240ಝಡ್ ಬಗ್ಗೆ. ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಇದಕ್ಕಿಂತ ಅಪರೂಪದವು ಇವೆ, ವೇಗದವು ಇವೆ, ದುಬಾರಿಯವಂತೂ ಬೇಕಾದಷ್ಟಿವೆ. ಆದರೆ ಸಂಬಳದ ಮೇಲೆ ಬದುಕುವವನೊಬ್ಬ ಕೊಂಡು, ಬಿಚ್ಚಿ, ತಿರುಗಿ ಜೋಡಿಸಿ, ಭಾನುವಾರ ಬೆಳಿಗ್ಗೆ ಓಡಿಸಿಕೊಂಡು ಬರಬಹುದಾದ ಕಾರು ಇದು. ನನಗೆ ಇದರ ಮೇಲೆ ತುಸು ಹೆಚ್ಚೇ ಪ್ರೀತಿ.

1969ರ ಅಕ್ಟೋಬರಿನಲ್ಲಿ ಡಾಟ್ಸನ್ ಬ್ರ್ಯಾಂಡಿನ ಒಡೆಯ ನಿಸಾನ್ ಕಂಪನಿ ಜಪಾನಿನಲ್ಲಿ ಇದನ್ನು ಫೇರ್‌ಲೇಡಿ ಝಡ್ ಎಂಬ ಹೆಸರಿನಲ್ಲಿ ಹೊರತಂದಿತು. ಉದ್ದನೆಯ ಬಾನೆಟ್, ಹಿಂದಕ್ಕೆ ಇಳಿಜಾರಾಗಿ ಹೋಗುವ ಚಾವಣಿ, ಮೇಲೆತ್ತುವ ಹಿಂಬಾಗಿಲು. ವಿನ್ಯಾಸದ ತಂಡಕ್ಕೆ ಯೋಶಿಹಿಕೊ ಮಾತ್ಸುವೊ ಮುಖ್ಯಸ್ಥರು. ಅಮೆರಿಕದಲ್ಲಿ ನಿಸಾನಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕತಾಯಾಮ ಅವರಿಗೆ ಫೇರ್‌ಲೇಡಿ ಎಂಬ ಹೆಸರು ಸುತರಾಂ ಹಿಡಿಸಲಿಲ್ಲ. ಅವರ ಹಟದಿಂದಾಗಿ ಅಮೆರಿಕಕ್ಕೆ ಬಂದ ಕಾರುಗಳ ಮೈಮೇಲೆ 240ಝಡ್ ಎಂದು ಮೂಡಿತು. ಒಳಗೆ 2.4 ಲೀಟರಿನ, ಸಾಲಾಗಿ ಆರು ಸಿಲಿಂಡರಿರುವ ಇಂಜಿನ್, ಎರಡು ಕಾರ್ಬೊರೇಟರ್, ನಾಲ್ಕು ಚಕ್ರಕ್ಕೂ ಬೇರೆಬೇರೆ ಸಸ್ಪೆನ್ಷನ್. ಬೆಲೆ 3,526 ಡಾಲರ್. ಅದೇ ಕಾಲದ ಜಾಗ್ವಾರ್ ಇ-ಟೈಪ್ ಆಗಲಿ ಪೋರ್ಷೆ 911 ಆಗಲಿ ಈ ಬೆಲೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಜಪಾನ್ ಎಂದರೆ ಅಗ್ಗದ ಸಣ್ಣ ಕಾರು ಎಂದುಕೊಂಡಿದ್ದ ಅಮೆರಿಕದವರು ಡೀಲರುಗಳ ಮುಂದೆ ಹೆಸರು ಬರೆಸಿ ಕಾಯತೊಡಗಿದರು. ಕತಾಯಾಮ 2015ರಲ್ಲಿ, 105ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಝಡ್ ಪ್ರಿಯರ ಪಾಲಿಗೆ ಅವರು ‘ಮಿಸ್ಟರ್ ಕೆ’ ಆಗಿಯೇ ಇದ್ದರು.

240, ಅದರ ಬೆನ್ನಿಗೆ ಬಂದ 260 ಮತ್ತು 280 ಸೇರಿ 1978ರ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಅಷ್ಟೊಂದು ಕಾರು ಎಲ್ಲಿ ಹೋದವು? ಒಳ್ಳೆಯದೊಂದು ಸಿಗಲು ಇವತ್ತು ಯಾಕೆ ಇಷ್ಟು ಪರದಾಟ? ಉತ್ತರ ಒಂದೇ, ತುಕ್ಕು. ತೂಕ ಉಳಿಸಲೆಂದು ತೆಳ್ಳನೆಯ ತಗಡು ಬಳಸಿದ್ದರು. ತುಕ್ಕು ಹಿಡಿಯದಂತೆ ತಡೆಯುವ ವಿದ್ಯೆ ಆ ಕಾಲದಲ್ಲಿ ಯಾರಿಗೂ ಸರಿಯಾಗಿ ಸಿದ್ಧಿಸಿರಲಿಲ್ಲ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಅಡಿಗೆ ಚಿಮ್ಮಿ, ಸಂದುಗಳಲ್ಲಿ ಕೂತು, ಒಳಗಿನಿಂದ ತಿನ್ನುತ್ತ ಬಂತು.

ಎಲ್ಲೆಲ್ಲಿ ತಿನ್ನುತ್ತದೆ ಎಂಬುದು ಝಡ್ ಬಲ್ಲವರಿಗೆಲ್ಲ ಬಾಯಿಪಾಠ. ಬ್ಯಾಟರಿ ಕೂರುವ ತಟ್ಟೆ ಮೊದಲನೆಯದು. ಆಸಿಡ್ ತೊಟ್ಟಿಕ್ಕಿ ತಟ್ಟೆ ತೂತಾಗಿ, ಅದರ ಕೆಳಗಿನ ಚಾಸಿ ಕಂಬಿಗೂ ಇಳಿದಿರುತ್ತದೆ. ಆಮೇಲೆ ಕಾಲಿಡುವ ನೆಲ, ನೆಲಕ್ಕೆ ಅಂಟಿಕೊಂಡು ಹೋಗುವ ಉದ್ದನೆಯ ಕಂಬಿಗಳು, ಬಾಗಿಲ ಕೆಳಗಿನ ಪಟ್ಟಿ ಹಿಂಚಕ್ರವನ್ನು ಸೇರುವ ಮೂಲೆ, ಹಿಂಬಾಗಿಲಿನ ಕೆಳಅಂಚು, ಸ್ಟೆಪ್ನಿ ಇಡುವ ಗುಂಡಿ. ಮುಂದಿನ ಗಾಜಿನ ಬುಡದಲ್ಲಿ ಎಲೆ ಕಸ ಸೇರಿ ನೀರು ಹೋಗುವ ದಾರಿ ಕಟ್ಟಿಕೊಂಡಿದ್ದರೆ ಅಲ್ಲೂ ಅದೇ ಗತಿ, ಮತ್ತು ಅಲ್ಲಿನ ರಿಪೇರಿ ಎಲ್ಲಕ್ಕಿಂತ ಕಷ್ಟದ್ದು. ಮಾರುವವರು ಇವನ್ನೆಲ್ಲ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಸಿ ಮುಚ್ಚಿರುತ್ತಾರೆ. ಮ್ಯಾಗ್ನೆಟ್ಟು ಬೇಕಾಗುವುದು ಅದಕ್ಕೇ. ತಗಡಿದ್ದಲ್ಲಿ ಅದು ಕಚ್ಚಿಕೊಳ್ಳುತ್ತದೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರಿ ಬೀಳುತ್ತದೆ. ಅನುಭವಿಗಳು ಹಲಸಿನ ಹಣ್ಣನ್ನು ತಟ್ಟಿ ನೋಡುವ ಹಾಗೆ ಬೆರಳ ಗಿಣ್ಣಿನಿಂದ ತಟ್ಟಿಯೇ ಹೇಳಬಲ್ಲರು. ತಗಡಿನ ದನಿ ಬೇರೆ, ಪುಟ್ಟಿಯ ದನಿ ಬೇರೆ.

ಕ್ಯಾಲಿಫೋರ್ನಿಯಾದಲ್ಲಿ ಉಪ್ಪು ಸುರಿಯುವ ರಸ್ತೆ ಕಡಿಮೆ, ಮಳೆಯೂ ಕಡಿಮೆ. ಹಾಗಾಗಿ ಅಲ್ಲಿನ ಕಾರಿಗೆ ಬೆಲೆ ಜಾಸ್ತಿ. ಆದರೆ ಬಿಸಿಲು ತನ್ನ ಪಾಲನ್ನು ಬಿಟ್ಟಿಲ್ಲ. 240ಝಡ್‌ನ ಡ್ಯಾಶ್‌ಬೋರ್ಡು ಬಿರುಕು ಬಿಡದೆ ಉಳಿದಿರುವ ಕಾರು ಕಂಡರೆ ಬಲ್ಲವರು ಹತ್ತಿರ ಹೋಗಿ ಮತ್ತೊಮ್ಮೆ ನೋಡುತ್ತಾರೆ.

ಅದೇ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನನ್ನ ಗೆಳೆಯ ಹಾಸನದ ಕಡೆಯವನು. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ದಣಿದವನಿಗೆ ಕೈ ಕೊಳೆಯಾಗುವ ಕೆಲಸವೊಂದು ಬೇಕಾಗಿತ್ತು. “ಬಾರೋ, ಒಂದು ಝಡ್ ಮಾರಾಟಕ್ಕಿದೆ, ನೋಡ್ಕೊಂಡು ಬರೋಣ” ಎಂದು ಕರೆದ. ಹೋದೆವು. ಕೆಂಪು ಬಣ್ಣ ಕಣ್ಣು ಕುಕ್ಕುತ್ತಿತ್ತು. ಹೊಸ ಚಕ್ರ, ಹೊಸ ಸೀಟು, ಮೂರು ದೊಡ್ಡ ಕಾರ್ಬೊರೇಟರಿನ ಗರ್ಜನೆ. ಗೆಳೆಯನ ಮುಖ ಅರಳಿತು. ನಾನು ರಟ್ಟು ಹಾಸಿ ಕೆಳಗೆ ನುಸುಳಿದೆ. ಚಾಸಿ ಕಂಬಿಯ ಮೇಲೆ ಕಪ್ಪು ತಾರನ್ನು ಹೊಸದಾಗಿ ಬಳಿದಿದ್ದರು. ಟಾರ್ಚು ಹಿಡಿದು ಬೆರಳಿನಿಂದ ಒತ್ತಿದರೆ ತಾರು ಒಳಗೆ ಹೋಯಿತು, ಅದರ ಹಿಂದೆ ಏನೂ ಇರಲಿಲ್ಲ.

ಅದಾದ ಮೇಲೆ ಅವನು ಕೊಂಡಿದ್ದು ಮೊಡೆಸ್ಟೊ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಕಾರು. ಬಣ್ಣ ಮಂಕಾಗಿ ಸುಣ್ಣದ ಪುಡಿಯಂತೆ ಕೈಗೆ ಹತ್ತುತ್ತಿತ್ತು. ಸೀಟಿನ ಹೊಲಿಗೆ ಬಿಟ್ಟಿತ್ತು. ಬಹಳ ವರ್ಷ ನಿಂತಲ್ಲೇ ನಿಂತು ಪೆಟ್ರೋಲ್ ಟ್ಯಾಂಕಿನಲ್ಲಿ ವಾರ್ನಿಷಿನ ವಾಸನೆ. ಆದರೆ ಅಡಿ ಗಟ್ಟಿಯಾಗಿತ್ತು. ಕಾರು ಹೊಸದಾಗಿದ್ದಾಗ ಕೊಂಡ ರಸೀದಿಯಿಂದ ಹಿಡಿದು ಪ್ರತಿ ಸಲ ಆಯಿಲ್ ಬದಲಾಯಿಸಿದ ಚೀಟಿಯವರೆಗೆ ಎಲ್ಲವನ್ನೂ ಆ ಹಿರಿಯರು ಒಂದು ಕಂದು ಲಕೋಟೆಯಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. ಬಾನೆಟ್ ಎತ್ತಿ ನೋಡಿದೆವು. ಫಲಕದ ಮೇಲೆ ಕೆತ್ತಿದ ಇಂಜಿನ್ ನಂಬರೂ ಇಂಜಿನ್ನಿನ ಮೈಮೇಲಿನ ನಂಬರೂ ಒಂದೇ. ಎಚ್‌ಎಲ್‌ಎಸ್30 ಎಂದು ಶುರುವಾಗುವ ಚಾಸಿ ನಂಬರು ಡ್ಯಾಶ್‌ಬೋರ್ಡಿನ ಮೇಲೂ ಇಂಜಿನ್ ಹಿಂದಿನ ಗೋಡೆಯಲ್ಲೂ ತಾಳೆಯಾಯಿತು. “ಇಷ್ಟು ಮಂಕಾಗಿದೆಯಲ್ಲೋ” ಎಂದ ಗೆಳೆಯ. “ಬಣ್ಣ ಹೊಡೆಸಬಹುದು ಕಣೋ, ಲಕೋಟೆ ಎಲ್ಲಿಂದ ತರ್ತೀಯ?” ಎಂದೆ. ಅವತ್ತು ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ. ಹಳೆಯ ಕಾರಿನಲ್ಲಿ ದುಡ್ಡು ಕೊಟ್ಟರೆ ಸಿಗುವುದು ಯಾವುದು, ಕೊಟ್ಟರೂ ಸಿಗದಿರುವುದು ಯಾವುದು ಎಂದು ಬೇರೆ ಮಾಡಿಕೊಂಡರೆ ಬೆಲೆ ಕಟ್ಟುವ ಕೆಲಸ ಅರ್ಧ ಮುಗಿದಂತೆ.

ಉಳಿದ ಅರ್ಧಕ್ಕೆ ಮಾರುಕಟ್ಟೆಯ ತಿಳಿವಳಿಕೆ ಬೇಕು. ಅಮೆರಿಕದಲ್ಲಿ ಹಳೆಯ ಕಾರುಗಳಿಗೆ ವಿಮೆ ಮಾಡುವ ಹ್ಯಾಗರ್ಟಿ ಕಂಪನಿ ಪ್ರತಿ ಮಾದರಿಗೂ ನಾಲ್ಕು ದರ್ಜೆಯ ಬೆಲೆ ಪ್ರಕಟಿಸುತ್ತದೆ. ಒಂದನೆಯ ದರ್ಜೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವಂಥದ್ದು, ನಾಲ್ಕನೆಯದು ಹೇಗೋ ಓಡುವಂಥದ್ದು. ನಡುವಿನ ಅಂತರ ಕೇಳಿದರೆ ತಲೆ ತಿರುಗುತ್ತದೆ. ಜಪಾನಿನ ಹರಾಜುಗಳಲ್ಲಿ ಪ್ರತಿ ಕಾರಿಗೂ ಒಂದು ತಪಾಸಣೆಯ ಹಾಳೆ ಇರುತ್ತದೆ. ಅದರಲ್ಲಿ ಕಾರಿನ ಚಿತ್ರ, ಚಿತ್ರದ ಮೇಲೆ ಗೀರು, ಕುಳಿ, ತುಕ್ಕುಗಳಿಗೆ ಒಂದೊಂದು ಅಕ್ಷರ, ಮೇಲ್ಮೂಲೆಯಲ್ಲಿ ಒಟ್ಟು ಅಂಕ. ಅಪಘಾತವಾಗಿ ರಿಪೇರಿಯಾದ ಕಾರಿಗೆ ಅಂಕದ ಜಾಗದಲ್ಲಿ ಆರ್ ಎಂದು ಬರೆದಿರುತ್ತಾರೆ. ಆ ಹಾಳೆ ಓದಲು ಬಾರದವರು ಜಪಾನಿನಿಂದ ಕಾರು ತರಿಸುವ ಸಾಹಸಕ್ಕೆ ಇಳಿಯದಿರುವುದೇ ಮೇಲು.

ಝಡ್‌ನಲ್ಲಿ ಮೊದಮೊದಲ ಕಾರುಗಳಿಗೆ ಹೆಚ್ಚು ಬೆಲೆ. ಗುರುತಿಸುವುದು ಸುಲಭ: ಹಿಂಬಾಗಿಲಿನಲ್ಲೇ ಗಾಳಿಗಿಂಡಿಗಳಿದ್ದರೆ ಅದು ಮೊದಲ ಸರಣಿ. ಆಮೇಲೆ ಗಿಂಡಿಯನ್ನು ಪಕ್ಕದ ಕಂಬಕ್ಕೆ ಸಾಗಿಸಿ ಝಡ್ ಅಕ್ಷರದ ಗುಂಡು ಬಿಲ್ಲೆ ಹಾಕಿದರು. 1973ರ ಕಾರುಗಳಿಗೆ ಹೊಗೆ ನಿಯಮದ ಒತ್ತಡದಲ್ಲಿ ಬೇರೆ ಬಗೆಯ, ಚಪ್ಪಟೆ ತಲೆಯ ಕಾರ್ಬೊರೇಟರ್ ಬಂತು. ಬಿಸಿಯಾದರೆ ಅದು ತಕರಾರು ಮಾಡುತ್ತದೆಂದು ಎಷ್ಟೋ ಮಾಲೀಕರು ಕಿತ್ತು ಹಳೆಯ ಗುಂಡುತಲೆಯದನ್ನೇ ಹಾಕಿಕೊಂಡಿದ್ದಾರೆ.

2020ರ ಜನವರಿಯಲ್ಲಿ 1971ರ ಹಸಿರು 240ಝಡ್ ಒಂದು ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಓಡಿದ್ದು ಬರೀ 21 ಸಾವಿರ ಮೈಲಿ, ಹೆಚ್ಚುಕಡಿಮೆ ಎಲ್ಲವೂ ಮೂಲದ್ದೇ. ಅದನ್ನು ಕೇಳಿ ಶೆಡ್ಡಿನಲ್ಲಿ ಝಡ್ ಇಟ್ಟುಕೊಂಡವರೆಲ್ಲ ತಮ್ಮದೂ ಲಕ್ಷಾಂತರ ಡಾಲರ್ ಬಾಳುತ್ತದೆ ಎಂದುಕೊಂಡರು. ಹಾಗಲ್ಲ. ಅಂಥ ಕಾರು ಇನ್ನೊಂದಿಲ್ಲ ಎಂಬುದಕ್ಕೇ ಆ ಬೆಲೆ ಬಂದದ್ದು. ಟೊಯೋಟಾ 2000ಜಿಟಿಯ ಲೆಕ್ಕವೇ ಬೇರೆ. ಯಮಾಹಾ ಕಂಪನಿಯ ಜೊತೆ ಸೇರಿ ತಯಾರಿಸಿದ ಆ ಕಾರು ಒಟ್ಟು 351 ಮಾತ್ರ. ಅದರ ಡ್ಯಾಶ್‌ಬೋರ್ಡಿನ ಮರಗೆಲಸ ಮಾಡಿದ್ದು ಪಿಯಾನೊ ತಯಾರಿಸುವ ಕೈಗಳು. ಅವುಗಳಲ್ಲೊಂದು 2013ರಲ್ಲಿ ಹತ್ತು ಲಕ್ಷ ಡಾಲರಿನ ಗಡಿ ದಾಟಿತು. ಅಮೆರಿಕದ ಹೆಸರಾಂತ ರೇಸುಗಾರ ಕ್ಯಾರಲ್ ಶೆಲ್ಬಿಯ ತಂಡ 1968ರಲ್ಲಿ ರೇಸಿನಲ್ಲಿ ಓಡಿಸಿದ್ದ 2000ಜಿಟಿ 2022ರಲ್ಲಿ 25 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು.

ಬೆಲೆ ಏರಲು ಕಾನೂನುಗಳೂ ಕಾರಣ. ಇಪ್ಪತ್ತೈದು ವರ್ಷ ತುಂಬಿದ ಕಾರನ್ನು ಸುರಕ್ಷತೆಯ ನಿಯಮಗಳ ಹಂಗಿಲ್ಲದೆ ಅಮೆರಿಕಕ್ಕೆ ತರಿಸಿಕೊಳ್ಳಬಹುದು. 1989ರಲ್ಲಿ ಬಂದ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿಗೆ 2014ರಲ್ಲಿ ಆ ಬಾಗಿಲು ತೆರೆಯಿತು. ಜಪಾನಿನ ಟೂರಿಂಗ್ ಕಾರ್ ರೇಸುಗಳಲ್ಲಿ ಓಡಿದ 29 ರೇಸುಗಳನ್ನೂ ಗೆದ್ದ ಕಾರು ಅದು; ಅಮೆರಿಕದ ಹುಡುಗರು ವಿಡಿಯೊ ಗೇಮಿನಲ್ಲಿ ಮಾತ್ರ ಓಡಿಸಿದ್ದರು. ಮುಂದಿನದನ್ನು ಹೇಳಬೇಕಾಗಿಲ್ಲ. ಅತ್ತ ಜಪಾನಿನಲ್ಲಿ ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ, ಹದಿಮೂರು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಹೆಚ್ಚಿನ ತೆರಿಗೆ. ಹಳೆಯ ಕಾರು ಇಟ್ಟುಕೊಳ್ಳುವುದೇ ಹೊರೆ ಅನ್ನಿಸಿ ಬಹಳ ಮಂದಿ ಕೈಬಿಟ್ಟರು, ಕಾರುಗಳು ಹಡಗು ಹತ್ತಿದವು. ತಾವು ಕಟ್ಟಿದ ಒಳ್ಳೊಳ್ಳೆಯ ಕಾರುಗಳು ಹೊರದೇಶಗಳ ಪಾಲಾದವಲ್ಲ ಎಂದು ಅಲ್ಲಿನ ಅಭಿಮಾನಿಗಳು ಮರುಗುವುದರಲ್ಲಿ ನ್ಯಾಯವಿದೆ.

ರಿಪೇರಿಯ ಮಾತಿಗೆ ಬಂದರೆ ನನಗೆ ಹೇಳಿ ಮುಗಿಯುವುದಿಲ್ಲ. ಗೆಳೆಯನ ಗ್ಯಾರೇಜಿನಲ್ಲಿ ಮೊದಲು ಕೈಹಚ್ಚಿದ್ದು ನೆಲಕ್ಕೆ. ಸದ್ದು ಅಡಗಿಸಲೆಂದು ಕಾರ್ಖಾನೆಯಲ್ಲಿ ನೆಲಕ್ಕೆ ತಾರಿನ ದಪ್ಪ ಹಾಳೆ ಅಂಟಿಸಿರುತ್ತಾರೆ. ಕೆರೆಯಲು ಹೋದರೆ ಅಂಟಂಟಾಗಿ ಎಳೆದುಕೊಂಡು ಬರುತ್ತದೆ. ಅದಕ್ಕೆ ಡ್ರೈ ಐಸ್ ಒಳ್ಳೆಯ ಉಪಾಯ. ಕೈಗವಸು ಹಾಕಿಕೊಂಡು, ಗ್ಯಾರೇಜಿನ ಬಾಗಿಲು ಪೂರಾ ತೆರೆದು, ಡ್ರೈ ಐಸಿನ ತುಂಡುಗಳನ್ನು ಹಾಳೆಯ ಮೇಲೆ ಹರವಿ ಕಾಯಬೇಕು. ಬಿಳಿಯ ಹೊಗೆ ನೆಲದ ಮೇಲೆ ಹರಿಯುತ್ತದೆ. ಸ್ವಲ್ಪ ಹೊತ್ತಿಗೆ ತಾರು ಸೆಟೆದುಕೊಂಡು ತಾನಾಗಿಯೇ ಚಟ್ ಚಟ್ ಎಂದು ಸೀಳತೊಡಗುತ್ತದೆ. ಆಗ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಅಂಗೈಯಗಲದ ಚೂರುಗಳಾಗಿ ಮೇಲೇಳುತ್ತದೆ. ಕೆಳಗಿನ ತಗಡು ಕಾಣುವ ಆ ಕ್ಷಣಕ್ಕೆ ಎದೆ ಬಡಿದುಕೊಳ್ಳುತ್ತದೆ. ಗೆಳೆಯನ ಕಾರಿನಲ್ಲಿ ಡ್ರೈವರ್ ಕಾಲಿಡುವ ಕಡೆ ಮಾತ್ರ ತುಕ್ಕು ತೂತು ಮಾಡಿತ್ತು. ಅಷ್ಟನ್ನೇ ಕತ್ತರಿಸಿ ಹೊಸ ತಗಡು ಬೆಸೆದೆವು. ಇಡೀ ನೆಲವನ್ನೇ ಹೊಸದಾಗಿ ಹಾಕಿಸುವುದು ಸುಲಭ, ಹೊಸ ನೆಲ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಜಪಾನಿನ ಆ ಕಾರ್ಖಾನೆಯಲ್ಲಿ ಬೆಸೆದ ಚುಕ್ಕೆಗಳು ಗಟ್ಟಿಯಾಗಿರುವಾಗ ಅವನ್ನು ಕೀಳುವ ಹಕ್ಕು ನಮಗಿಲ್ಲ ಎಂಬುದು ನನ್ನ ನಿಲುವು.

ಜಪಾನಿ ಕಾರು ಬಿಚ್ಚುವವರು ತಿಳಿದಿರಲೇಬೇಕಾದ ಒಂದು ಸಣ್ಣ ಸಂಗತಿ ಸ್ಕ್ರೂಗಳದು. ತಲೆಯ ಮೇಲೆ ಕೂಡಿಸುವ ಚಿಹ್ನೆ ಇದೆಯೆಂದು ಕೈಗೆ ಸಿಕ್ಕ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಅದು ಹಾರಿಹಾರಿ ತಲೆ ಸವೆದುಹೋಗುತ್ತದೆ. ಜಪಾನಿನ ಅಳತೆಯ ಸ್ಕ್ರೂಗಳಿಗೆ ಆ ಅಳತೆಯದೇ ಸ್ಕ್ರೂಡ್ರೈವರ್ ಬೇಕು. ತುದಿ ಗುಂಡಿಯೊಳಗೆ ಸರಿಯಾಗಿ ಕೂತು ಕಚ್ಚಿಕೊಂಡಾಗ ಐವತ್ತು ವರ್ಷದಿಂದ ಅಲುಗದ ಕಾರ್ಬೊರೇಟರಿನ ಸ್ಕ್ರೂ ಕೂಡ ಸದ್ದಿಲ್ಲದೆ ತಿರುಗುತ್ತದೆ. ಬೋಲ್ಟುಗಳನ್ನು ಎಸೆಯಬೇಡಿ. ಎಲ್ಲಿಂದ ಬಿಚ್ಚಿದ್ದೆಂದು ಚೀಟಿ ಬರೆದು ಬೇರೆಬೇರೆ ಪೊಟ್ಟಣದಲ್ಲಿಟ್ಟು, ಒಟ್ಟಿಗೇ ಜಿಂಕ್ ಲೇಪನಕ್ಕೆ ಕೊಟ್ಟರೆ ಹಳದಿ ಬಂಗಾರದ ಬಣ್ಣ ತಳೆದು ಬರುತ್ತವೆ. ಕಾರ್ಖಾನೆಯಿಂದ ಬಂದಾಗ ಇದ್ದ ಬಣ್ಣವೂ ಅದೇ.

ಇನ್ನು ಎರಡು ಕಾರ್ಬೊರೇಟರುಗಳನ್ನು ಒಂದಕ್ಕೊಂದು ಹೊಂದಿಸುವುದು. ಅದಕ್ಕೆ ಮೀಟರು ಸಿಗುತ್ತದೆ. ಹಳಬರು ಮಾತ್ರ ಒಂದು ರಬ್ಬರ್ ಪೈಪಿನ ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಮೊದಲು ಒಂದರ ಬಾಯಿಗೆ, ಆಮೇಲೆ ಇನ್ನೊಂದರ ಬಾಯಿಗೆ ಹಿಡಿದು ಗಾಳಿಯ ಸುಯ್ಯೆಂಬ ಸದ್ದು ಕೇಳುತ್ತಾರೆ. ಎರಡೂ ಕಡೆ ಸದ್ದು ಒಂದೇ ಆಗುವವರೆಗೆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಸರಿಹೊಂದಿದ ಗಳಿಗೆಯಲ್ಲಿ ಇಂಜಿನ್ನಿನ ನಡುಕ ನಿಂತು, ಆರೂ ಸಿಲಿಂಡರು ಒಂದೇ ಉಸಿರಿನಲ್ಲಿ ಓಡತೊಡಗುತ್ತವೆ. ಇಡೀ ಕೆಲಸದಲ್ಲಿ ನನಗೆ ಇದಕ್ಕಿಂತ ಸುಖದ ಗಳಿಗೆ ಇನ್ನೊಂದಿಲ್ಲ.

ಮಾಜ್ದಾದ ರೋಟರಿ ಇಂಜಿನ್ನಿಗೆ ಈ ವಿದ್ಯೆ ಯಾವುದೂ ನಡೆಯುವುದಿಲ್ಲ. ಅದರಲ್ಲಿ ಪಿಸ್ಟನ್ನೇ ಇಲ್ಲ. ತ್ರಿಕೋನದ ರೋಟರು, ಅದರ ಮೂರು ಮೂಲೆಗೆ ಮೂರು ಸೀಲು. ಆ ಇಂಜಿನ್ನಿರುವ ಹಳೆಯ ಆರ್‌ಎಕ್ಸ್-7 ಕೊಳ್ಳುವವರು ರೋಟರಿಗೆಂದೇ ಇರುವ ಮೀಟರಿನಿಂದ ಪ್ರತಿ ರೋಟರಿನ ಮೂರೂ ಮುಖದ ಕಂಪ್ರೆಷನ್ ಅಳೆಸದೆ ಒಂದು ರೂಪಾಯಿಯನ್ನೂ ಬಿಚ್ಚಬಾರದು.

ಸ್ಪೇರ್ ಪಾರ್ಟಿನ ಕಷ್ಟ ಈಗ ಮೊದಲಿನಷ್ಟಿಲ್ಲ. ಕಂಪನಿಗಳೇ ಹಳೆಯ ಕಾರುಗಳತ್ತ ಮುಖ ಮಾಡಿವೆ. 1990ರ ದಶಕದ ಕೊನೆಯಲ್ಲಿ ನಿಸಾನಿನ ಅಮೆರಿಕ ಶಾಖೆ ಹಳೆಯ 240ಝಡ್‌ಗಳನ್ನು ಕೊಂಡು, ಹೊಸದರಂತೆ ಮಾಡಿಸಿ, 24,950 ಡಾಲರಿಗೆ ತನ್ನ ಡೀಲರುಗಳ ಮೂಲಕವೇ ಮಾರಿತು. ಸುಮಾರು ನಲವತ್ತು ಕಾರಿಗೆ ಆ ಯೋಜನೆ ನಿಂತುಹೋಯಿತು. ಕಾಲಕ್ಕಿಂತ ಮುಂದಿದ್ದ ಯೋಚನೆ ಅದು. 2017ರಲ್ಲಿ ಮಾಜ್ದಾ ತನ್ನ ಮೊದಲ ತಲೆಮಾರಿನ ರೋಡ್‌ಸ್ಟರ್ ಕಾರಿಗೆ ಜಪಾನಿನಲ್ಲಿ ಇಂಥದೇ ಸೇವೆ ಘೋಷಿಸಿದಾಗ, ಬ್ರಿಡ್ಜ್‌ಸ್ಟೋನ್ ಕಂಪನಿ ಆ ಕಾಲದ ಟಯರನ್ನೇ ಮತ್ತೆ ತಯಾರಿಸಿಕೊಟ್ಟಿತು. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಹೇಳತೀರದು. ಆಮೇಲೆ ನಿಸಾನ್ ತನ್ನ ಜಿಟಿ-ಆರ್‌ಗೆ, ಟೊಯೋಟಾ ತನ್ನ ಸುಪ್ರಾ ಮತ್ತು 2000ಜಿಟಿಗೆ ಬಿಡಿಭಾಗ ಮಾಡಲು ತೊಡಗಿದವು.

ಇಷ್ಟೆಲ್ಲ ಆದಮೇಲೆ ಕಾರನ್ನು ಬಟ್ಟೆ ಹೊದಿಸಿ ನಿಲ್ಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ಕಾರು ನಿಲ್ಲಲು ಹುಟ್ಟಿದ್ದಲ್ಲ. ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನು 240ಝಡ್ ಎರಡು ಸಲ ಗೆದ್ದಿತು, 1971ರಲ್ಲಿ ಮತ್ತು 1973ರಲ್ಲಿ. ಕೆಸರು, ಕಲ್ಲು, ಧೂಳು ದಾಟಿ ಸಾವಿರಾರು ಮೈಲಿ ಓಡುವ ಸ್ಪರ್ಧೆ ಅದು. 1973ರಲ್ಲಿ ಗೆದ್ದ ಕಾರಿನ ಚುಕ್ಕಾಣಿ ಹಿಡಿದಿದ್ದವರು ಶೇಖರ್ ಮೆಹ್ತಾ, ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದವರು. ಕೊನೆಗೆ ಅವರೂ ಇನ್ನೊಂದು ಡಾಟ್ಸನ್ ಓಡಿಸುತ್ತಿದ್ದ ಹ್ಯಾರಿ ಶೆಲ್‌ಸ್ಟ್ರಾಮ್ ಅವರೂ ಸಮಸಮ ಅಂಕದಲ್ಲಿ ನಿಂತರು, ಗೆಲುವು ಮೆಹ್ತಾರ ಪಾಲಾಯಿತು. ಆಮೇಲೂ ಅದೇ ರ‍್ಯಾಲಿಯನ್ನು 1979ರಿಂದ 1982ರವರೆಗೆ ಸತತ ನಾಲ್ಕು ಸಲ ಗೆದ್ದರು. ನಮ್ಮಲ್ಲಿ ಅವರ ಹೆಸರು ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು. 1971ರಲ್ಲಿ ಗೆದ್ದ ಕಾರನ್ನು ನಿಸಾನಿನ ನೌಕರರ ಕ್ಲಬ್ಬೊಂದು ಬಿಚ್ಚಿ, ರಿಪೇರಿ ಮಾಡಿ, 2013ರಲ್ಲಿ ಮತ್ತೆ ಓಡುವಂತೆ ಮಾಡಿತು. ಕೆಲಸ ಮುಗಿಸಿದ ಮೇಲೆ ಓಡಿಸಿ ನೋಡಿದರು ಎಂಬುದೇ ನನಗೆ ಮೆಚ್ಚುಗೆ.

ಗೆಳೆಯನ ಕಾರಿಗೆ ಕೊನೆಗೂ ಪೂರ್ತಿ ಬಣ್ಣ ಹೊಡೆಸಲಿಲ್ಲ. ಪಾಲಿಶ್ ಹಾಕಿ ಉಜ್ಜಿದಾಗ ಮಂಕಿನ ಅಡಿಯಿಂದ ಮೂಲದ ಬಂಗಾರದ ಬಣ್ಣ ಅಲ್ಲಲ್ಲಿ ಮೇಲೆದ್ದಿತು. ಒಂದು ಬಾಗಿಲ ಅಂಚಿನಲ್ಲಿ ಮೇಷ್ಟ್ರ ಉಂಗುರ ಉಜ್ಜಿ ಆದ ಗೀರು ಹಾಗೇ ಇದೆ. ಬ್ರೇಕು, ಸ್ಟಿಯರಿಂಗು, ರಬ್ಬರು, ಟಯರು, ಪೆಟ್ರೋಲ್ ಪೈಪು ಮಾತ್ರ ಎಲ್ಲವೂ ಹೊಸದು. ಇವುಗಳಲ್ಲಿ ಹಳೆಯದನ್ನು ಉಳಿಸುವ ಹಟ ಸಲ್ಲದು, ಜೀವದ ಪ್ರಶ್ನೆ. ಭಾನುವಾರ ಬೆಳಿಗ್ಗೆ ಅವನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟದ ರಸ್ತೆಗೆ ಹೋಗುತ್ತಾನೆ.

ಈ ಕಾರುಗಳ ಗೀಳು ಹತ್ತಿಸಿಕೊಳ್ಳಲು ಹೊರಟಿರುವ ಕನ್ನಡಿಗರು ಕ್ಯಾಲಿಫೋರ್ನಿಯಾದಲ್ಲೂ ಬೇರೆಡೆಯೂ ಈಗ ಹೆಚ್ಚುತ್ತಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟು. ಒಂದು ಕಾರು ಕಂಡ ಕೂಡಲೇ ಮುಂಗಡ ಕೊಡಬೇಡಿ. ಕೈಲಾದಷ್ಟರಲ್ಲಿ ಅಡಿ ಗಟ್ಟಿಯಿರುವುದನ್ನೇ ಆರಿಸಿ. ಅಗ್ಗಕ್ಕೆ ಬಂದ ತುಕ್ಕಿನ ಕಾರು ಕೊನೆಗೆ ದುಬಾರಿಯೇ ಆಗುತ್ತದೆ. ಕೊಂಡ ಮೇಲೆ ಬಿಚ್ಚುವ ಮುನ್ನ ಪ್ರತಿ ಮೂಲೆಯ ಫೋಟೊ ತೆಗೆದಿಡಿ. ಹಳೆಯ ಮಾಲೀಕರು ಬದುಕಿದ್ದರೆ ಅವರ ಜೊತೆ ಕೂತು ಮಾತಾಡಿ, ರಸೀದಿ ಚೀಟಿಗಳಿದ್ದರೆ ಕೇಳಿ ಪಡೆದುಕೊಳ್ಳಿ. ಕಾರು ಮಾರಿದ ಮರುವಾರವೇ ಆ ಲಕೋಟೆ ಕಸದ ಬುಟ್ಟಿಗೆ ಹೋಗುತ್ತದೆ.